ಹೌದು, ನಿನ್ನ ಬಗ್ಗೆಯೇ

ನಮ್ಮ ಭಾವನವರ ವಾದ ಹೀಗಿದೆ: ಹುಚ್ಚು ಹಿಡಿದವನಿಗೆ ತನಗೆ ಹುಚ್ಚು ಹಿಡಿದಿದೆ ಎಂದು ಗೊತ್ತಾಗುವುದಿಲ್ಲ. ಅವರ ಮಗ ಪುಟ್ಟನೋ, ತಾನಾಗಿಯೇ ಬಂದು ‘ನನ್ನ ತಲೆಯಲ್ಲಿ ಏನೋ ಸರಿಯಿಲ್ಲ’ ಎನ್ನುತ್ತಿದ್ದಾನೆ. ಆದ್ದರಿಂದ ಪುಟ್ಟನಿಗೆ ಏನೂ ಆಗಿಲ್ಲ. ಬ್ಯಾಂಕಿನಲ್ಲಿ ಲೆಕ್ಕ ತಪಾಸಣೆ ಮಾಡಿಯೇ ನಿವೃತ್ತರಾದ ಮನುಷ್ಯ. ಎರಡೂ ಕಡೆಯ ಮೊತ್ತ ಹೊಂದಿದರೆ ಪುಸ್ತಕ ಮುಚ್ಚಿಬಿಡುತ್ತಾರೆ.

ಕಳೆದ ಭಾನುವಾರ ಬನಶಂಕರಿಯ ಅವರ ಮನೆಯಲ್ಲಿ ಇದೇ ವಾದ ನಡೆದಿತ್ತು, ಅದೂ ಪಿಸುಮಾತಿನಲ್ಲಿ. ಅಕ್ಕ ನೆನೆಸಿದ ಅವರೆಕಾಳು ಹಿದುಕುತ್ತಾ ಕುಳಿತಿದ್ದಳು. ಪುಟ್ಟ ನೀರು ಕುಡಿಯಲು ಅಡುಗೆಮನೆಗೆ ಬಂದ. ನಾವು ಮೂವರೂ ಒಮ್ಮೆಲೇ ಬಾಯಿ ಮುಚ್ಚಿದೆವು.

ಅವನು ಲೋಟ ಹಿಡಿದು ನಿಂತು ಕೇಳಿದ: ‘ನನ್ನ ಬಗ್ಗೆ ಮಾತನಾಡುತ್ತಿದ್ದಿರಾ?’

‘ಇಲ್ಲಪ್ಪ, ಈ ತಿಂಗಳು ನೀರಿನ ಬಿಲ್ಲು ಜಾಸ್ತಿ ಬಂದಿದೆ, ಅದನ್ನೇ ಹೇಳುತ್ತಿದ್ದೆ’ ಎಂದರು ಭಾವ. ‘ನಿನ್ನ ಬಗ್ಗೆ ಏನಿರುತ್ತದೋ ಮಾತನಾಡುವುದಕ್ಕೆ’ ಎಂದಳು ಅಕ್ಕ, ಕಾಳಿನಿಂದ ತಲೆ ಎತ್ತದೆ.

ಅವನು ನನ್ನ ಕಡೆ ನೋಡಿದ.

‘ಹೌದು, ನಿನ್ನ ಬಗ್ಗೆಯೇ’ ಎಂದೆ.

‘ಸದ್ಯ!’ ಎಂದ ಪುಟ್ಟ. ಬಿಗಿದುಕೊಂಡಿದ್ದ ಭುಜಗಳು ಸಡಿಲವಾದವು. ‘ಹಾಗಾದರೆ ಚಿಕ್ಕಮ್ಮ, ಇದು ನಿಜದ ಪಟ್ಟಿಗೆ ಹೋಗುತ್ತದೆ.’ ಮೊಬೈಲ್ ತೆಗೆದು ಏನೋ ಬರೆದುಕೊಂಡು ಹೊರಟುಹೋದ. ಅಂದಿನಿಂದ ಅಕ್ಕ ನನ್ನೊಂದಿಗೆ ಸರಿಯಾಗಿ ಮಾತನಾಡುತ್ತಿಲ್ಲ. ‘ಮೊದಲೇ ಅನುಮಾನ ಪಡುವ ಹುಡುಗನಿಗೆ ನೀನು ಇನ್ನಷ್ಟು ಅನುಮಾನ ತುಂಬಿದೆ’ ಎನ್ನುವುದು ಅವಳ ದೂರು.

ಆ ಪಟ್ಟಿಯ ಕಥೆ ಹೇಳಬೇಕು. ಪುಟ್ಟನಿಗೆ ಇಪ್ಪತ್ತು ವರ್ಷ, ಎಂಜಿನಿಯರಿಂಗ್ ಓದುತ್ತಿದ್ದಾನೆ. ಕೆಲವು ತಿಂಗಳಿಂದ ಬಸ್ಸಿನಲ್ಲಿ ಯಾರಾದರೂ ನಕ್ಕರೆ ತನ್ನನ್ನೇ ನೋಡಿ ನಕ್ಕಂತೆ ಅನ್ನಿಸುತ್ತದೆ. ಫ್ಯಾನಿನ ಸದ್ದಿನ ನಡುವೆ ಯಾರೋ ಹೆಸರು ಹಿಡಿದು ಕರೆದಂತೆ ಕೇಳುತ್ತದೆ. ಓದು ತಲೆಗೆ ಹತ್ತುತ್ತಿಲ್ಲ, ಗೆಳೆಯರ ಜೊತೆ ಸೇರುವುದು ನಿಂತಿದೆ. ನನಗೆ ಇದನ್ನೆಲ್ಲ ಹೇಳಿದಾಗ ಅವನು ಸೇರಿಸಿದ ಮಾತು ಇದು: ‘ಇದು ನಿಜವಲ್ಲ ಎಂದು ನನಗೆ ಗೊತ್ತು ಚಿಕ್ಕಮ್ಮ. ಎಷ್ಟು ದಿನ ಗೊತ್ತಿರುತ್ತದೆ ಎನ್ನುವುದು ಗೊತ್ತಿಲ್ಲ.’ ನಾನು ಜಯನಗರದ ಒಬ್ಬ ಮನೋವೈದ್ಯರ ಬಳಿಗೆ ಕರೆದುಕೊಂಡು ಹೋಗಿದ್ದು ಅದಾದ ಮೇಲೆ. ಅಲ್ಲಿನ ಆಪ್ತಸಮಾಲೋಚಕಿ ಅವನಿಗೆ ಈ ಪಟ್ಟಿ ಇಡಲು ಹೇಳಿಕೊಟ್ಟಿದ್ದಾರೆ. ಏನು ಅನ್ನಿಸಿತು, ಆಗ ನೂರಕ್ಕೆ ಎಷ್ಟು ನಂಬಿದೆ, ಬೇರೆ ಕಾರಣ ಏನಿರಬಹುದು, ಕೊನೆಗೆ ತಿಳಿದದ್ದೇನು. ನನಗೊಮ್ಮೆ ತೋರಿಸಿದ. ಬಸ್ಸಿನಲ್ಲಿ ನಲವತ್ತು. ಮನೆಗೆ ಬಂದು ಕಾಫಿ ಕುಡಿದ ಮೇಲೆ ಅದೇ ಘಟನೆಗೆ ಹತ್ತು. ನಿದ್ದೆ ಬಾರದ ರಾತ್ರಿ ಮತ್ತೆ ಎಪ್ಪತ್ತು.

ಭಾವನವರ ವಾದದ ಮೊದಲ ಸಾಲು ಪೂರ್ತಿ ತಪ್ಪೇನಲ್ಲ. ವಿಶ್ವ ಆರೋಗ್ಯ ಸಂಸ್ಥೆ ಒಂಬತ್ತು ದೇಶಗಳಲ್ಲಿ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗದ ಕುರಿತು ನಡೆಸಿದ ದೊಡ್ಡ ಅಧ್ಯಯನದ ವರದಿ 1973ರಲ್ಲಿ ಬಂತು. ನಮ್ಮ ಆಗ್ರಾ ಕೂಡ ಅದರಲ್ಲೊಂದು ಕೇಂದ್ರ. ರೋಗಿಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡ ಲಕ್ಷಣ, ತನಗೆ ಕಾಯಿಲೆ ಇದೆ ಎಂಬ ಅರಿವು ಇಲ್ಲದಿರುವುದು. ಆದರೆ ಆ ಅರಿವು ಒಮ್ಮೆಲೇ ಪೂರ್ತಿ ಇಲ್ಲವಾಗುವಂಥದ್ದಲ್ಲ, ಏರಿಳಿಯುತ್ತಿರುತ್ತದೆ. ಪುಟ್ಟನ ಮೊಬೈಲಿನಲ್ಲಿ ಅನ್ನಿಸಿದ್ದರ ಮೇಲಿನ ನಂಬಿಕೆ ನಲವತ್ತು, ಹತ್ತು, ಎಪ್ಪತ್ತು ಎಂದು ಓಡಾಡುತ್ತಿದೆ. ಮೆಲ್ಬರ್ನ್‌ನ ಮನೋವೈದ್ಯರು 1990ರ ದಶಕದಲ್ಲಿ ಇಂಥ ಹುಡುಗ ಹುಡುಗಿಯರಿಗಾಗಿಯೇ ಒಂದು ಚಿಕಿತ್ಸಾಲಯ ತೆರೆದರು. ಸೈಕೋಸಿಸ್, ಅಂದರೆ ಭ್ರಮೆ ಯಾವುದು ನಿಜ ಯಾವುದು ಎಂದು ತಿಳಿಯದಾಗುವ ಕಾಯಿಲೆ, ಇನ್ನೂ ಬಂದಿಲ್ಲ, ಬರುವ ಅಪಾಯ ಇದೆ ಎನ್ನುವ ಸ್ಥಿತಿ ಅದು. ಈ ಸ್ಥಿತಿಗೂ ಪೂರ್ಣ ಕಾಯಿಲೆಗೂ ನಡುವೆ ಗೆರೆ ಎಳೆಯುವಾಗ ವೈದ್ಯರು ಮುಖ್ಯವಾಗಿ ನೋಡುವುದರಲ್ಲಿ ನಂಬಿಕೆ ಎಷ್ಟು ಗಟ್ಟಿಯಾಗಿದೆ ಎನ್ನುವುದೂ ಸೇರಿದೆ. ‘ಹಾಗೆ ಅನ್ನಿಸುತ್ತದೆ, ಆದರೆ ಇರಲಾರದು’ ಎನ್ನುವಷ್ಟು ಅನುಮಾನ ತನ್ನ ಮೇಲೆಯೇ ಉಳಿದಿದ್ದರೆ ಗೆರೆಯ ಈಚೆ. ಅಂದರೆ ಭಾವ ಯಾವುದನ್ನು ‘ಏನೂ ಆಗಿಲ್ಲ’ ಎಂಬುದಕ್ಕೆ ಸಾಕ್ಷಿಯಾಗಿ ಮಂಡಿಸುತ್ತಿದ್ದಾರೋ, ಅದನ್ನೇ ವೈದ್ಯರು ‘ಈಗಲೇ ಬಂದದ್ದು ಒಳ್ಳೆಯದಾಯಿತು’ ಎಂಬುದಕ್ಕೆ ಕಾರಣವಾಗಿ ಹೇಳಿದರು.

ಹಾಗೆಂದು ಇದು ತೀರ್ಪೂ ಅಲ್ಲ. ಇಂಥವರ ಮೇಲೆ ನಡೆದ ಅಧ್ಯಯನಗಳನ್ನು 2012ರಲ್ಲಿ ಒಟ್ಟು ಸೇರಿಸಿ ನೋಡಿದಾಗ ಮೂರು ವರ್ಷಗಳೊಳಗೆ ಕಾಯಿಲೆಗೆ ತಿರುಗಿದವರು ಶೇ. 36ರಷ್ಟು, ನಂತರದ ಲೆಕ್ಕಗಳಲ್ಲಿ ಅದು ಶೇ. 25ರ ಆಸುಪಾಸಿಗೆ ಇಳಿದಿದೆ. ಹೆಚ್ಚಿನವರು ಆ ಕಡೆಗೆ ಹೋಗುವುದಿಲ್ಲ, ಆದರೆ ಆತಂಕವೋ ಖಿನ್ನತೆಯೋ ಬಹಳ ಮಂದಿಯ ಬೆನ್ನು ಬಿಡುವುದಿಲ್ಲ. ವೈದ್ಯರು ಪುಟ್ಟನಿಗೆ ಸೈಕೋಸಿಸ್‌ನ ಮಾತ್ರೆ ಬರೆದುಕೊಡಲಿಲ್ಲ. ಮಾತಿನ ಚಿಕಿತ್ಸೆ, ಹೊತ್ತಿಗೆ ಸರಿಯಾಗಿ ನಿದ್ದೆ, ಆಗಾಗ ಬಂದು ತೋರಿಸುವುದು. ಗಾಂಜಾ ಸೇದುವ ಅಭ್ಯಾಸವಿದೆಯೇ ಎಂದು ಕೇಳಿದರು, ಅಪಾಯವನ್ನು ಹೆಚ್ಚಿಸುವ ಸಂಗತಿ ಅದು. ಇಲ್ಲ ಎಂದ. ಈ ಪ್ರಶ್ನೆಯನ್ನು ಮನೆಯಲ್ಲಿ ಹೇಳಿದ್ದೇ ತಡ, ‘ನಮ್ಮಂಥ ಮನೆತನದ ಹುಡುಗನನ್ನು ಇಂಥ ಮಾತು ಕೇಳುವುದೇ?’ ಎಂದು ಭಾವ ಹಾರಾಡಿದರು. ಮಗನ ಉತ್ತರ ಏನು ಎಂದು ಮಾತ್ರ ಕೇಳಲಿಲ್ಲ.

ಭಾನುವಾರದ ಅಡುಗೆಮನೆಗೆ ನನ್ನ ತಲೆ ಮತ್ತೆ ಮತ್ತೆ ಹೋಗುತ್ತಿದೆ. ಆ ಹುಡುಗ ಬೆಳಗಿನಿಂದ ರಾತ್ರಿಯವರೆಗೆ ಮಾಡುತ್ತಿರುವ ಕೆಲಸ ಒಂದೇ, ಅನ್ನಿಸಿದ್ದನ್ನು ಇರುವುದರ ಜೊತೆ ಹೋಲಿಸಿ ನೋಡುವುದು. ತಕ್ಕಡಿ ಅವನ ಕೈಯಲ್ಲಿದೆ, ತೂಕದ ಕಲ್ಲು ನಮ್ಮ ಕೈಯಲ್ಲಿ. ‘ನಾನು ಬಂದ ತಕ್ಷಣ ಮಾತು ನಿಲ್ಲಿಸುತ್ತಾರೆ’ ಎಂದು ಅವನಿಗೆ ಅನ್ನಿಸಿತು. ನಾವು ಮಾತು ನಿಲ್ಲಿಸಿದ್ದೆವು. ‘ನನ್ನ ವಿಷಯವನ್ನೇ ಆಡುತ್ತಿದ್ದಾರೆ’ ಎನ್ನಿಸಿತು. ಅದನ್ನೇ ಆಡುತ್ತಿದ್ದೆವು. ಅವನ ಕಣ್ಣು ಕಿವಿಗಳು ಸರಿಯಾಗಿಯೇ ಕೆಲಸ ಮಾಡಿದ್ದ ಗಳಿಗೆಯಲ್ಲಿ, ಹೆತ್ತವರೇ ನಿಂತು ‘ಇಲ್ಲ, ನೀರಿನ ಬಿಲ್ಲು’ ಎಂದರೆ, ಅದನ್ನು ಅವನು ಯಾವ ಪಟ್ಟಿಗೆ ಬರೆಯಬೇಕು? ಸುಳ್ಳಿನ ಪಟ್ಟಿಗೆ ಹಾಕಿದರೆ ಸರಿಯಿದ್ದ ಗ್ರಹಿಕೆಯ ಮೇಲೂ ನಂಬಿಕೆ ಹೋಯಿತು. ನಿಜದ ಪಟ್ಟಿಗೆ ಹಾಕಿದರೆ ಅಪ್ಪ ಅಮ್ಮ ಸುಳ್ಳು ಹೇಳುತ್ತಾರೆ ಎಂದಾಯಿತು. ಆಮೇಲೆ ಬಸ್ಸಿನ ಅಪರಿಚಿತರನ್ನು ಅವನು ಏಕೆ ನಂಬಬೇಕು? ಅಕ್ಕ ಕೆಟ್ಟವಳಲ್ಲ. ಅವಳದು ಹೆದರಿಕೆ, ಮಗಳಿಗೆ ಸಂಬಂಧ ನೋಡುತ್ತಿರುವ ಹೊತ್ತು ಬೇರೆ. ಭಾವನವರ ಬಗ್ಗೆ ನನಗೆ ಅಷ್ಟು ಕನಿಕರವಿಲ್ಲ. ಅವರಿಗೆ ಬೇಕಿರುವುದು ಮಗ ಸರಿಹೋಗುವುದಕ್ಕಿಂತ ಮೊದಲು ವಿಷಯ ಹೊರಗೆ ಹೋಗದಿರುವುದು. ‘ನಿಮ್ಹಾನ್ಸ್ ಕಡೆ ಮಾತ್ರ ಬೇಡ, ನಮ್ಮವರು ಎಷ್ಟೋ ಜನ ಹೊಸೂರು ರಸ್ತೆಯಲ್ಲಿ ಓಡಾಡುತ್ತಾರೆ’ ಎಂದ ಮನುಷ್ಯ!

ಆ ಹೆಸರನ್ನು ಈ ಊರಿನವರು ಬೈಗುಳದಂತೆ ಬಳಸುವುದನ್ನು ಕೇಳಿಯೇ ನಾನೂ ಬೆಳೆದೆ. ಹಳೆಯ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಸೇರಿ ನಿಮ್ಹಾನ್ಸ್ ಆದದ್ದು 1974ರಲ್ಲಿ. ದೇಶದ ಮೂಲೆಮೂಲೆಯಿಂದ ಜನ ಟ್ರೈನು ಹಿಡಿದು ಅಲ್ಲಿಗೆ ಬರುತ್ತಾರೆ. ಡೇರಿ ವೃತ್ತದ ಬಳಿ ಬಸ್ಸಿನಿಂದ ಇಳಿದರೆ ಸಿಗುವ ಜಾಗಕ್ಕೆ ಹೋಗಲು ನಮಗೆ ನಾಚಿಕೆ. ಹೋಗಲಾರದವರು 14416ಕ್ಕೆ ಕರೆ ಮಾಡಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡುತ್ತಾರೆ. ನಾನು ಮೊದಲು ಮಾಡಿದ್ದೂ ಅದನ್ನೇ.

ಇನ್ನೊಂದು ಸಂಗತಿ ಭಾವನವರ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ. ಅರಿವಿಗೂ ಬೆಲೆ ತೆರಬೇಕಾಗುತ್ತದೆ. ತನ್ನ ಸ್ಥಿತಿ ಚೆನ್ನಾಗಿ ಗೊತ್ತಿರುವವರಲ್ಲಿ ಖಿನ್ನತೆ ಹೆಚ್ಚಾಗಿ ಕಾಣುತ್ತದೆ ಎಂದು ಸೈಕೋಸಿಸ್ ಕುರಿತ ಅಧ್ಯಯನಗಳು ಮತ್ತೆ ಮತ್ತೆ ಹೇಳಿವೆ. 2004ರಲ್ಲಿ ಅಮೆರಿಕದ ಮನೋವೈದ್ಯ ಏರನ್ ಬೆಕ್ ಮತ್ತು ಅವರ ಸಂಗಡಿಗರು ಇಂಥ ಅರಿವನ್ನು ಅಳೆಯಲು ಹದಿನೈದು ಹೇಳಿಕೆಗಳ ಒಂದು ಪ್ರಶ್ನಾವಳಿ ಮಾಡಿದರು. ಅದು ಎರಡನ್ನು ಅಳೆಯುತ್ತದೆ: ತನ್ನ ಗ್ರಹಿಕೆ ತಪ್ಪಿರಬಹುದು ಎಂದು ಹಿಂದಿರುಗಿ ನೋಡುವ ಗುಣ, ಮತ್ತು ತಾನು ಅಂದುಕೊಂಡದ್ದೇ ಸರಿ ಎನ್ನುವ ಖಾತ್ರಿ. ಅದರ ಬಗ್ಗೆ ಓದುತ್ತಾ ನನಗೆ ನಗು ಬಂತು. ಆ ಮನೆಯಲ್ಲಿ ಪುಟ್ಟನೊಬ್ಬನೇ ಮೊದಲನೆಯದರಲ್ಲಿ ಒಳ್ಳೆಯ ಅಂಕ ಪಡೆಯುವವನು. ಎರಡನೆಯದರಲ್ಲಿ ಭಾವನವರಿಗೆ ಪೂರ್ಣಾಂಕ ಖಂಡಿತ, ನನಗೂ ಕಡಿಮೆ ಬರಲಾರದು. ನಾವು ಯಾರೂ ‘ಹಾಗೆ ಅನ್ನಿಸಿತು, ಎಷ್ಟರ ಮಟ್ಟಿಗೆ ನಿಜವೋ’ ಎಂದು ಬರೆದುಕೊಂಡು ತಿರುಗುವುದಿಲ್ಲ. ನೆಂಟರ ಮದುವೆಯಲ್ಲಿ ಯಾರೋ ಮುಖ ತಿರುಗಿಸಿದರೆ ಬೇಕೆಂದೇ ತಿರುಗಿಸಿದರು ಎಂದು ಇಪ್ಪತ್ತು ವರ್ಷ ಸಾಧಿಸುತ್ತೇವೆ, ನೂರಕ್ಕೆ ನೂರು ನಂಬಿಕೊಂಡು. ಹಾಗಿದ್ದೂ ನಮಗೆ ರಾತ್ರಿ ನಿದ್ದೆ ಬರುತ್ತದೆ. ಅವನಿಗೆ ಬರುವುದಿಲ್ಲ. ತನ್ನ ಮನಸ್ಸನ್ನು ತಾನೇ ಕಾವಲು ಕಾಯುವ ಕೆಲಸವನ್ನು ಇಪ್ಪತ್ತರ ಹುಡುಗ ಒಬ್ಬನೇ ಎಷ್ಟು ಕಾಲ ಮಾಡಬಲ್ಲ?

ಮುಂದಿನ ಸಲ ಹೆತ್ತವರಲ್ಲಿ ಒಬ್ಬರಾದರೂ ಬರಬೇಕು ಎಂದು ವೈದ್ಯರು ಹೇಳಿಕಳಿಸಿದ್ದಾರೆ. ಭಾವನವರಿಗೆ ಅದೇ ದಿನ ಯಾವುದೋ ಗೃಹಪ್ರವೇಶ. ಅಕ್ಕ ಬರುತ್ತೇನೆ ಎಂದಿದ್ದಾಳೆ, ಆದರೆ ಆ ಮಾತನ್ನು ನನಗೆ ಹೇಳದೆ ಪುಟ್ಟನ ಕೈಲಿ ಹೇಳಿಸಿದ್ದಾಳೆ. ಅವನು ಕಳಿಸಿದ ಸಂದೇಶದಲ್ಲಿ ತನ್ನದೊಂದು ಷರತ್ತನ್ನೂ ಸೇರಿಸಿದ್ದಾನೆ: ‘ಇಬ್ಬರೂ ಬನ್ನಿ. ಆದರೆ ಒಳಗೆ ಹೋದ ಮೇಲೆ ನನ್ನ ಪರವಾಗಿ ನೀವಿಬ್ಬರೂ ಮಾತನಾಡಬೇಡಿ, ನಾನೇ ಹೇಳುತ್ತೇನೆ.’