ಗೇರ್ ಬಾಕ್ಸ್ ಬದಲಾದ ಮೇಲೆ ಸೆಲ್ಫ್ ಹೊಡೆಯದ ಗಾಡಿ

“ಅಣ್ಣಾ, ಕ್ಲಚ್ ಕೇಬಲ್‌ನಿಂದ ಹೊಗೆ ಬರ್ತಿದೆ!” ಅಂತ ಬಾನೆಟ್ ಕಡೆಯಿಂದ ಹುಡುಗ ಕೂಗಿದಾಗ ನನ್ನ ಕೈ ಇನ್ನೂ ಕೀ ಮೇಲೇ ಇತ್ತು. ಎಂಜಿನ್ ನರಳುತ್ತಾ ನಿಧಾನಕ್ಕೆ ತಿರುಗುತ್ತಿತ್ತು, ಇನ್ನೇನು ಹಿಡಿಯುತ್ತದೆ ಅಂದುಕೊಂಡು ಹತ್ತು ಸೆಕೆಂಡ್ ಒಂದೇ ಸಮ ಸೆಲ್ಫ್ ಹೊಡೆದಿದ್ದೆ. ಇಳಿದು ನೋಡಿದರೆ, ಆ ಬೆಳಗ್ಗೆಯಷ್ಟೇ ಹಾಕಿದ್ದ ಹೊಸ ಕ್ಲಚ್ ಕೇಬಲ್‌ನ ಕಪ್ಪು ಹೊದಿಕೆ ಅಲ್ಲಲ್ಲಿ ಉಬ್ಬಿತ್ತು. ಫೈರ್‌ವಾಲ್ (ಎಂಜಿನ್‌ಗೂ ಒಳಗಿನ ಸೀಟಿಗೂ ನಡುವಿನ ತಗಡು) ದಾಟುವ ಜಾಗದಲ್ಲಿ ಕರಗಿ, ಒಳಗಿನ ಸ್ಟೀಲ್ ಸುರುಳಿ ಬರಿಗಣ್ಣಿಗೆ ಕಾಣುತ್ತಿತ್ತು. ಅಲ್ಲಿಂದ ಒಂದು ಗೇಣು ದೂರದಲ್ಲಿ ಪೆಟ್ರೋಲ್ ಹೋಸ್. ಬ್ಯಾಟರಿ ನೆಗೆಟಿವ್ ಕಳಚಬೇಕು, ಹತ್ತರ ಸ್ಪ್ಯಾನರ್ ಕೈಗೆ ಸಿಗುತ್ತಿಲ್ಲ. ಹುಡುಗ ತನ್ನ ಜೇಬಿನಿಂದ ತೆಗೆದುಕೊಟ್ಟ. ಕೀ ಬಿಟ್ಟಾಗಲೇ ಕರೆಂಟ್ ನಿಂತಿತ್ತು, ಆದರೂ ಆ ಟರ್ಮಿನಲ್ ಎತ್ತಿ ಪಕ್ಕಕ್ಕಿಡುವವರೆಗೆ ಉಸಿರು ಬಿಡಲಿಲ್ಲ.

ಗಾಡಿ ತೊಂಬತ್ತರ ದಶಕದ ಕೊನೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮೂರು ಸ್ಪೀಡ್ ಆಟೋಮ್ಯಾಟಿಕ್. ಆ ಗೇರ್ ಬಾಕ್ಸಿಗೆ ಒಳಗಿನ ಸಾಮಾನು ಸಿಗದೆ ಓನರ್ ಮ್ಯಾನ್ಯುವಲ್ ಹಾಕಿಸಲು ಒಪ್ಪಿದ್ದರು. ಶಿವಾಜಿನಗರದ ಗುಜರಿಯಿಂದ ಗೇರ್ ಬಾಕ್ಸ್, ಫ್ಲೈವೀಲ್, ಪೆಡಲ್ ಸೆಟ್ ಬಂತು. ಜೆ.ಸಿ. ರೋಡಿನಿಂದ ಹೊಸ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಕೇಬಲ್. ಗೇರ್ ಬಾಕ್ಸ್ ಹುಡುಗರು ಎರಡು ದಿನದಲ್ಲಿ ಅಚ್ಚುಕಟ್ಟಾಗಿ ಕೂರಿಸಿದರು. ನನಗೆ ಬಂದ ಜಾಬ್ ಕಾರ್ಡ್‌ನಲ್ಲಿ ಒಂದೇ ಸಾಲು: ಸೆಲ್ಫ್ ಇಲ್ಲ, ಸಂಜೆ ಡೆಲಿವರಿ. ಏನೇನು ಕಳಚಿದರು, ಏನು ಮಿಕ್ಕಿತು ಅಂತ ಬರೆಯಲು ಆ ಕಾರ್ಡ್‌ನಲ್ಲಿ ಜಾಗವೇ ಇಲ್ಲ. ಇದನ್ನು ಮ್ಯಾನೇಜರಿಗೆ ಎಷ್ಟೋ ಸಲ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ.

ಮೊದಲ ದೋಷ ನಿರೀಕ್ಷಿತವೇ. ಆಟೋಮ್ಯಾಟಿಕ್ ಗಾಡಿಯಲ್ಲಿ ಕೀಯಿಂದ ಹೊರಟ ಸ್ಟಾರ್ಟ್ ವೈರ್ ನೇರ ಎಂಜಿನ್ ತಿರುಗಿಸುವ ಮೋಟಾರಿಗೆ, ಅಂದರೆ ಸೆಲ್ಫ್‌ಗೆ ಹೋಗುವುದಿಲ್ಲ. ಗೇರ್ ಬಾಕ್ಸ್ ಮೇಲಿನ ಇನ್ಹಿಬಿಟರ್ ಸ್ವಿಚ್ ಮೂಲಕ ಹೋಗುತ್ತದೆ, ಲಿವರ್ ಪಾರ್ಕ್ (ಪಿ) ಅಥವಾ ನ್ಯೂಟ್ರಲ್ ಅಂದರೆ ಎನ್‌ನಲ್ಲಿದ್ದರೆ ಮಾತ್ರ ದಾರಿ ಕೂಡುತ್ತದೆ. ಗೇರ್ ಬಾಕ್ಸ್ ಜೊತೆ ಸ್ವಿಚ್ಚೂ ಹೋಯಿತು, ಅದರ ವೈರುಗಳ ಪ್ಲಗ್, ಅಂದರೆ ಕಪ್ಲರ್, ಗಾಳಿಯಲ್ಲಿ ನೇತಾಡುತ್ತಿತ್ತು. ಕೀ ತಿರುಗಿಸಿದರೆ ಪೂರ್ತಿ ಮೌನ.

ಆ ಕಪ್ಲರ್‌ನಲ್ಲಿ ಸ್ಟಾರ್ಟ್ ವೈರ್ ಅಷ್ಟೇ ಇರುವುದಿಲ್ಲ, ರಿವರ್ಸ್ ಲೈಟಿನ ಎರಡು ವೈರ್, ಮೀಟರ್ ಬೋರ್ಡಿನ ಪಿ-ಆರ್-ಎನ್-ಡಿ ದೀಪಗಳ ವೈರ್ ಕೂಡ ಅಲ್ಲೇ. ಬಣ್ಣ ನೋಡಿ ಊಹಿಸಿ ಕೂಡಿಸಬಾರದು. ಒಬ್ಬರು ಕೀ ಸ್ಟಾರ್ಟ್‌ಗೆ ಹಿಡಿಯಲಿ, ಆಗ ಮಾತ್ರ 12 ವೋಲ್ಟ್ ಬರುವ ಪಿನ್ ಯಾವುದೋ ಅದು ಕೀ ಕಡೆಯದು. ಆಮೇಲೆ ಕೀ ಆಫ್ ಮಾಡಿ ಉಳಿದ ದಪ್ಪ ವೈರ್‌ನಿಂದ ಬ್ಯಾಟರಿ ನೆಗೆಟಿವ್‌ಗೆ ಓಮ್ ನೋಡಿ. ಒಂದು ಓಮ್ ಅಥವಾ ಅದಕ್ಕೂ ಕಡಿಮೆ ಬಂದರೆ ಅದು ನೇರ ಸೆಲ್ಫ್ ಮೇಲಿನ ವಿದ್ಯುತ್ಕಾಂತ ಸ್ವಿಚ್ ಆದ ಸೊಲೆನಾಯ್ಡ್‌ಗೆ ಹೋಗುತ್ತಿದೆ. 70ರಿಂದ 100ರ ಒಳಗೆ ಬಂದರೆ ನಡುವೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಕೂಡಿಸುವ ಸ್ವಿಚ್) ಇದೆ, ನೀವು ನೋಡುತ್ತಿರುವುದು ಅದರ ಕಾಯಿಲ್. ಕೆಲವು ಗಾಡಿಗಳಲ್ಲಿ ಸ್ವಿಚ್ ರಿಲೇ ಕಾಯಿಲಿನ ಅರ್ತ್ (ಕರೆಂಟ್ ಬ್ಯಾಟರಿ ನೆಗೆಟಿವ್‌ಗೆ ವಾಪಸ್ ಹೋಗುವ ದಾರಿ) ಕಡೆ ಕೂತಿರುತ್ತದೆ, ಅಲ್ಲಿ ಎರಡನೇ ಪಿನ್ ನೆಗೆಟಿವ್‌ಗೆ ಸೊನ್ನೆ ಓಮ್ ತೋರಿಸುತ್ತದೆ. ಈ ವ್ಯತ್ಯಾಸ ಗೊತ್ತಾದರೆ, ಇನ್ಹಿಬಿಟರ್ ಬದಲು ಹಾಕಬೇಕಾದ, ಪೆಡಲ್ ತುಳಿದರೆ ಮಾತ್ರ ಸೆಲ್ಫ್ ಬಿಡುವ ಕ್ಲಚ್ ಸ್ವಿಚ್‌ಗೆ ಎಷ್ಟು ದಪ್ಪದ ವೈರ್ ಬೇಕು ಅನ್ನುವುದೂ ಗೊತ್ತಾಗುತ್ತದೆ: ರಿಲೇ ಕಾಯಿಲ್ ಎಳೆಯುವುದು ಕಾಲು ಆಂಪಿಗೂ ಕಡಿಮೆ, ಸೊಲೆನಾಯ್ಡ್ ಎಳೆಯುವ ಕ್ಷಣದಲ್ಲಿ ಹತ್ತಾರು ಆಂಪ್. ಹೊಸ ಗಾಡಿಗಳಲ್ಲಿ ಈ ಸಿಗ್ನಲ್ ಎಂಜಿನ್ ಕಂಪ್ಯೂಟರ್ ಆದ ಇಸಿಯುಗೆ ಹೋಗುತ್ತದೆ, ಅಲ್ಲಿ ತಂತಿ ತುಂಡು ಹಾಕಿ ಕೂಡಿಸುವ ಕೆಲಸ ಬೇಡವೇ ಬೇಡ.

ನಮ್ಮ ಗಾಡಿಯಲ್ಲಿ ವೈರ್ ನೇರ ಸೊಲೆನಾಯ್ಡ್‌ಗೆ ಹೋಗುತ್ತಿತ್ತು. ತಾತ್ಕಾಲಿಕವಾಗಿ ಎರಡನ್ನೂ ಕೂಡಿಸಿದೆ. ಈಗ ಕೀ ತಿರುಗಿಸಿದರೆ ‘ಟಕ್’. ಅಷ್ಟೇ, ಎಂಜಿನ್ ಅಲ್ಲಾಡಲಿಲ್ಲ.

ನನ್ನ ತಪ್ಪು ಇಲ್ಲಿಂದ ಶುರು. ಟಕ್ ಸದ್ದು ಕೇಳಿದ ಕೂಡಲೇ ‘ಸೆಲ್ಫ್ ಹೋಗಿದೆ, ಕಾರ್ಬನ್ ಬ್ರಷ್ ಮುಗಿದಿರಬೇಕು’ ಅಂತ ತೀರ್ಮಾನ ಮಾಡಿದೆ. ಸೆಲ್ಫ್ ಬಿಚ್ಚಿ ಬೆಂಚ್ ಮೇಲೆ ಜಂಪರ್ ಕೇಬಲ್ ಕೊಟ್ಟರೆ ಚೆನ್ನಾಗಿ ತಿರುಗಿತು, ಎಂಜಿನ್ನಿನ ರಿಂಗ್ ಗೇರ್ ಹಲ್ಲಿಗೆ ಸಿಕ್ಕಿ ತಿರುಗಿಸುವ ಪುಟ್ಟ ಗೇರ್, ಅಂದರೆ ಬೆಂಡಿಕ್ಸ್, ಸರಿಯಾಗಿ ಹೊರಗೆ ಬಂತು. ಆಟೋಮ್ಯಾಟಿಕ್‌ನ ಡ್ರೈವ್ ಪ್ಲೇಟಿಗೂ ಮ್ಯಾನ್ಯುವಲ್ ಫ್ಲೈವೀಲಿಗೂ ರಿಂಗ್ ಗೇರ್ ಹಲ್ಲು ಬೇರೆ ಇರಬಹುದು ಅಂತ ಅದನ್ನೂ ಎಣಿಸಿದೆ, ಹೊಂದಿತು. ಎಂಜಿನ್‌ಗೂ ಗೇರ್ ಬಾಕ್ಸಿಗೂ ನಡುವಿನ ತಗಡಿನ ಪ್ಲೇಟ್ ಬಿಟ್ಟುಹೋದರೂ ಬೆಂಡಿಕ್ಸ್ ಸಿಕ್ಕಿಕೊಳ್ಳಬಹುದು, ಅದೂ ಇತ್ತು. ವಾಪಸ್ ಹಾಕಿದರೆ ಮತ್ತೆ ಟಕ್. ಬೆಂಚ್ ಮೇಲೆ ತಿರುಗಿದ್ದು ಗಾಡಿಯಲ್ಲಿ ಯಾಕೆ ತಿರುಗುತ್ತಿಲ್ಲ ಅಂತ ಅಲ್ಲೇ ನಿಂತು ಯೋಚಿಸಬೇಕಿತ್ತು. ಬೆಂಚ್ ಮೇಲೆ ಅದರ ಮೈಗೆ ಜಂಪರ್‌ನಿಂದ ನಾನೇ ಒಳ್ಳೆಯ ಅರ್ತ್ ಕೊಟ್ಟಿದ್ದೆ. ಗಾಡಿಯಲ್ಲಿ ಯಾರು ಕೊಡಬೇಕು?

ಅರ್ತ್ ನೋಡಲಿಲ್ಲ ಅಂತಲ್ಲ. ಮಲ್ಟಿಮೀಟರ್ ಓಮ್‌ನಲ್ಲಿಟ್ಟು ಎಂಜಿನ್ ಬ್ಲಾಕ್‌ಗೂ ಬ್ಯಾಟರಿ ನೆಗೆಟಿವ್‌ಗೂ ಹಿಡಿದೆ, 0.3 ತೋರಿಸಿತು. ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ, ಹಾಗಾಗಿ ಅರ್ತ್ ಸರಿಯಿದೆ ಅಂದುಕೊಂಡೆ. ಈ ಒಂದು ನಂಬಿಕೆಯೇ ಅರ್ಧ ದಿನ ತಿಂದಿತು. ಸೆಲ್ಫ್ ಎಂಜಿನ್ ತಿರುಗಿಸುವಾಗ ಇಂಥ ಚಿಕ್ಕ ಗಾಡಿಯಲ್ಲೂ 80ರಿಂದ 150 ಆಂಪ್ ಹರಿಯುತ್ತದೆ. ದಾರಿಯಲ್ಲಿ 0.05 ಓಮ್ ಇದ್ದರೆ ಸಾಕು, 80 ಆಂಪ್‌ಗೆ 4 ವೋಲ್ಟ್ ಅಲ್ಲೇ ಕರಗಿಹೋಗುತ್ತದೆ. ಆ 0.05 ಓಮ್ ನಮ್ಮ ಕೈಯಲ್ಲಿರುವ ಸಾದಾ ಮೀಟರಿಗೆ ಕಾಣುವುದೇ ಇಲ್ಲ.

ಮೇಲೆ ಇನ್ನೊಂದು ತಪ್ಪು. ಬ್ಯಾಟರಿ ಇಳಿದಿರಬಹುದು ಅಂತ ನಮ್ಮ ದೊಡ್ಡ ಸರ್ವಿಸ್ ಬ್ಯಾಟರಿ ತಂದು ಹಾಕಿದೆ. ಅದರ ಬಲಕ್ಕೆ ಎಂಜಿನ್ ನಿಧಾನಕ್ಕೆ ತಿರುಗಿತು, ಅದೇ ಬಲಕ್ಕೆ ಕ್ಲಚ್ ಕೇಬಲ್ ಕಾದಿತು.

ಹೊಗೆ ಆರಿದ ಮೇಲೆ ಗಾಡಿ ಲಿಫ್ಟ್‌ಗೆ ಏರಿಸಿ ಕೆಳಗೆ ನಿಂತು ನೋಡಿದೆ. ಹಳೆಯ ಗೇರ್ ಬಾಕ್ಸಿನ ಬೋಲ್ಟಿಗೆ ಬಿಗಿದಿದ್ದ ಹೆಣೆದ ತಾಮ್ರದ ಅರ್ತ್ ಪಟ್ಟಿ ಚಾಸಿ ಕಡೆ ಒಂದೇ ತುದಿಯಲ್ಲಿ ನೇತಾಡುತ್ತಿತ್ತು. ಹೊಸ ಗೇರ್ ಬಾಕ್ಸಿನಲ್ಲಿ ಆ ಬೋಲ್ಟಿನ ಜಾಗ ಬೇರೆ, ಪಟ್ಟಿ ಮುಟ್ಟುತ್ತಿರಲಿಲ್ಲ. ಎಂಜಿನ್ ಮೌಂಟಿಂಗ್ ರಬ್ಬರ್, ಹಾಗಾಗಿ ಇಡೀ ಎಂಜಿನ್ ಬಾಡಿಯಿಂದ ಬೇರೆಯಾಗಿತ್ತು. ಸೆಲ್ಫ್‌ನಿಂದ ವಾಪಸ್ ಹೋಗುವ ಕರೆಂಟ್ ಸಿಕ್ಕಿದ ದಾರಿ ಹಿಡಿಯಿತು: ಆಕ್ಸಿಲರೇಟರ್ ಕೇಬಲ್, ಗೇರ್ ಲಿಂಕೇಜ್, ಎಲ್ಲಕ್ಕಿಂತ ಹೆಚ್ಚಾಗಿ ಕ್ಲಚ್ ಕೇಬಲ್‌ನ ಸ್ಟೀಲ್ ಸುರುಳಿ. 4 ವೋಲ್ಟ್, 80 ಆಂಪ್ ಅಂದರೆ 320 ವ್ಯಾಟ್, ಅದರಲ್ಲಿ ಹೆಚ್ಚಿನದು ಒಂದು ಕೇಬಲ್ ಒಳಗೆ. ಹೆಡ್‌ಲೈಟ್, ಹಾರ್ನ್, ವೈಪರ್ ಎಲ್ಲಾ ಸರಿಯಿದ್ದವು, ಅವುಗಳ ಅರ್ತ್ ಬಾಡಿಯಲ್ಲೇ ಇರುವುದರಿಂದ. ಅದಕ್ಕೇ ಅನುಮಾನ ಆ ಕಡೆ ಹೋಗುವುದಿಲ್ಲ.

ಗುಜರಿಯವರು ಗೇರ್ ಬಾಕ್ಸ್ ಚೆಂದ ಕಾಣಲಿ ಅಂತ ಸಿಲ್ವರ್ ಪೇಂಟ್ ಹೊಡೆದಿದ್ದರು, ಸೆಲ್ಫ್ ಕೂರುವ ಮುಖದ ಮೇಲೂ. ಸೆಲ್ಫ್‌ಗೆ ಬೇರೆ ಅರ್ತ್ ವೈರ್ ಇರುವುದಿಲ್ಲ, ಅದರ ಮೈ ಗೇರ್ ಬಾಕ್ಸಿನ ಮುಂಭಾಗದ ಬೆಲ್ ಹೌಸಿಂಗಿಗೆ ಒತ್ತಿ ಕೂತ ಜಾಗ ಮತ್ತು ಎರಡು ಬೋಲ್ಟೇ ಅರ್ತ್. ಆ ಪೇಂಟನ್ನು ಎಮ್ರಿ ಪೇಪರಿನಲ್ಲಿ ಉಜ್ಜಿ ಅಲ್ಯೂಮಿನಿಯಂ ಹೊಳೆಯುವವರೆಗೆ ತೆಗೆದೆ.

ಹೊಸ ಪಟ್ಟಿಯ ಬದಲು 25 ಸ್ಕ್ವೇರ್ ಎಂಎಂ ಫ್ಲೆಕ್ಸಿಬಲ್ ಕೇಬಲ್ ಕತ್ತರಿಸಿ, ಎರಡೂ ತುದಿಗೆ ತಾಮ್ರದ ಲಗ್ ಹಾಕಿ ಕ್ರಿಂಪಿಂಗ್ ಟೂಲಿನಲ್ಲಿ ಒತ್ತಿದೆ. ಸುತ್ತಿಗೆಯಲ್ಲಿ ಚಪ್ಪಟೆ ಮಾಡಿದ ಲಗ್ ಮೊದಲ ದಿನ ಕೆಲಸ ಮಾಡುತ್ತದೆ, ಮಳೆಗಾಲದಲ್ಲಿ ಒಳಗೆ ಹಸಿರು ಹಿಡಿಯುತ್ತದೆ. ಒಂದು ತುದಿ ಗೇರ್ ಬಾಕ್ಸ್ ಬೋಲ್ಟಿಗೆ, ಇನ್ನೊಂದು ಬ್ಯಾಟರಿ ನೆಗೆಟಿವ್ ಬಾಡಿಗೆ ಸೇರುವ ಜಾಗಕ್ಕೆ. ಎಂಜಿನ್ ಅಲುಗಾಡುತ್ತದೆ, ಕೇಬಲ್ ಸ್ವಲ್ಪ ಸಡಿಲ ಬಿಡಬೇಕು. ಸ್ಟಾರ್ ವಾಷರ್, ಮೇಲೆ ತೆಳುವಾಗಿ ವ್ಯಾಸಲಿನ್.

ಇನ್ನು ಪರೀಕ್ಷೆ. ಇದನ್ನು ಮೊದಲೇ ಮಾಡಿದ್ದರೆ ಐದು ನಿಮಿಷದ ಕೆಲಸ. ಮೀಟರ್ ಡಿಸಿ 20 ವೋಲ್ಟ್‌ನಲ್ಲಿ, ಕಪ್ಪು ಕಡ್ಡಿ ಬ್ಯಾಟರಿ ನೆಗೆಟಿವ್ ಪೋಸ್ಟಿನ ಸೀಸದ ಮೇಲೆ, ಕ್ಲಾಂಪಿನ ಮೇಲಲ್ಲ. ಕೆಂಪು ಕಡ್ಡಿ ಸೆಲ್ಫ್‌ನ ಮೈ ಮೇಲೆ. ಗಾಡಿ ಹಿಡಿಯದಂತೆ ಇಗ್ನಿಷನ್ ಕಾಯಿಲಿನ ಕಪ್ಲರ್ ತೆಗೆದು ಮೂರು ಸೆಕೆಂಡ್ ಸೆಲ್ಫ್ ಹೊಡೆಯಿರಿ. 0.2, ಹೆಚ್ಚೆಂದರೆ 0.3 ವೋಲ್ಟ್‌ಗಿಂತ ಮೇಲೆ ಬಂದರೆ ಅರ್ತ್ ದಾರಿಯಲ್ಲಿ ದೋಷ. ಹಾಗೇ ಪಾಸಿಟಿವ್ ಪೋಸ್ಟಿನಿಂದ ಸೆಲ್ಫ್‌ನ ದಪ್ಪ ಬೋಲ್ಟಿಗೆ, ಅಲ್ಲಿ 0.5 ಮಿತಿ. ಸೊಲೆನಾಯ್ಡ್‌ನ ಸಣ್ಣ ವೈರ್‌ಗೂ ಇದೇ ಪರೀಕ್ಷೆ. ಅದನ್ನು ಕಿತ್ತು ಗಾಳಿಯಲ್ಲಿ ಹಿಡಿದು ನೋಡಿದರೆ ತುಕ್ಕು ಹಿಡಿದ ಜಾಯಿಂಟ್ ಕೂಡ ಪೂರ್ತಿ 12 ವೋಲ್ಟ್ ತೋರಿಸುತ್ತದೆ, ಸಿಕ್ಕಿಸಿಕೊಂಡೇ ಅಳೆಯಬೇಕು. ಬ್ಯಾಟರಿ ತಾನೇ 9.6ಕ್ಕಿಂತ ಕೆಳಗೆ ಇಳಿದರೆ ಮೊದಲು ಬ್ಯಾಟರಿ ನೋಡಿ. ಮೀಟರ್ ಇಲ್ಲದಿದ್ದರೆ ಒಂದು ಜಂಪರ್ ಕೇಬಲ್ ನೆಗೆಟಿವ್‌ನಿಂದ ಎಂಜಿನ್ ಬ್ಲಾಕ್‌ಗೆ ನೇರ ಹಿಡಿದು ಸೆಲ್ಫ್ ಹೊಡೆಯಿರಿ, ಎಂಜಿನ್ ಚುರುಕಾಗಿ ತಿರುಗಿದರೆ ಉತ್ತರ ಸಿಕ್ಕಿತು. ನಮ್ಮ ಗಾಡಿಯಲ್ಲಿ ಕೊನೆಗೆ ಅರ್ತ್ ಕಡೆ 0.15 ಬಂತು. ಕಾದ ಕ್ಲಚ್ ಕೇಬಲ್ ಮತ್ತೆ ಬಳಸುವಂತಿಲ್ಲ, ಒಳಗಿನ ಪ್ಲಾಸ್ಟಿಕ್ ಕೊಳವೆ ಕರಗಿ ತಂತಿಗೆ ಅಂಟಿರುತ್ತದೆ, ಪೆಡಲ್ ಕಲ್ಲಾಗುತ್ತದೆ. ಹೊಸದು ಹಾಕಿದೆವು, ದುಡ್ಡು ಗ್ಯಾರೇಜಿನದು.

ಗಾಡಿ ಸ್ಟಾರ್ಟ್ ಆಯಿತು, ‘ಕೊಟ್ಟುಬಿಡಿ, ಕ್ಲಚ್ ಸ್ವಿಚ್ ಮುಂದಿನ ಸರ್ವಿಸ್‌ನಲ್ಲಿ ನೋಡೋಣ’ ಅಂತ ಮೇಲಿನಿಂದ ಮಾತು ಬಂತು. ನಾನೂ ಸುಮ್ಮನಾಗುತ್ತಿದ್ದೆನೇನೋ. ತೊಳೆಯಲು ಒಯ್ಯಬೇಕಿದ್ದ ಹುಡುಗ ಕಿಟಕಿಯಿಂದ ಕೈ ಹಾಕಿ ಕೀ ತಿರುಗಿಸಿದ, ಗಾಡಿ ಒಂದನೇ ಗೇರಿನಲ್ಲಿತ್ತು. ಅರ್ಧ ಅಡಿ ಮುಂದೆ ನೆಗೆದು ಟೈರ್ ರಾಶಿಗೆ ಬಡಿಯಿತು. ಆ ಜಾಗದಲ್ಲಿ ಯಾರೂ ನಿಂತಿರಲಿಲ್ಲ.

ಇಷ್ಟು ವರ್ಷ ಆಟೋಮ್ಯಾಟಿಕ್ ಓಡಿಸಿದ ಓನರಿಗೆ ಎಡಗಾಲಿನ ಅಭ್ಯಾಸವೇ ಇಲ್ಲ. ಸಿಗ್ನಲ್‌ನಲ್ಲಿ ಆಫ್ ಮಾಡಿ ಮತ್ತೆ ಕೀ ತಿರುಗಿಸುವಾಗ ಮುಂದೆ ಬೈಕಿನವರು ಇರುತ್ತಾರೆ. ತಂತಿ ತುಂಡಿನಿಂದ ಕೂಡಿಸಿ ಗಾಡಿ ಕಳಿಸುವುದು ತಪ್ಪು, ನಾನು ಇನ್ನು ಕಳಿಸುವುದಿಲ್ಲ ಅಂತ ಮ್ಯಾನೇಜರಿಗೆ ನೇರ ಹೇಳಿದೆ. ಡೆಲಿವರಿ ಮರುದಿನಕ್ಕೆ ಹೋಯಿತು.

ಸ್ವಿಚ್ ವಿಷಯದಲ್ಲಿ ಒಂದು ಎಚ್ಚರ. ಅಂಗಡಿಯಲ್ಲಿ ಕೇಳಿದರೆ ಬ್ರೇಕ್ ಲೈಟ್ ಸ್ವಿಚ್ ಕೊಡುತ್ತಾರೆ. ಅದರ ಕಡ್ಡಿ ಒತ್ತಿದರೆ ಕರೆಂಟ್ ಕಡಿತ, ಬಿಟ್ಟರೆ ಕೂಡುತ್ತದೆ. ಪೆಡಲಿನ ಮೇಲ್ಗಡೆ ಹಾಕಿದರೆ ಪೆಡಲ್ ಅರ್ಧ ಇಂಚು ಇಳಿದೊಡನೆ ಸ್ಟಾರ್ಟ್ ದಾರಿ ಕೂಡುತ್ತದೆ, ಅಷ್ಟರಲ್ಲಿ ಕ್ಲಚ್ ಎಂಜಿನ್ನನ್ನು ಗೇರ್ ಬಾಕ್ಸಿನಿಂದ ಬಿಡಿಸಿಯೇ ಇರುವುದಿಲ್ಲ. ಬೇಕಾದದ್ದು ಒತ್ತಿದರೆ ಕೂಡುವ ಸ್ವಿಚ್, ಪೆಡಲ್ ಪೂರ್ತಿ ಕೆಳಗೆ ಬಂದಾಗ ತಾಗುವಂತೆ ಬ್ರಾಕೆಟ್ ಮಾಡಿ ಕೂರಿಸಬೇಕು. ಸೊಲೆನಾಯ್ಡ್ ಕರೆಂಟ್ ಆ ಚಿಕ್ಕ ಸ್ವಿಚ್ ತಡೆಯುವುದಿಲ್ಲ, ಹಾಗಾಗಿ ರಿಲೇ ಸೇರಿಸಿದೆ: ಬ್ಯಾಟರಿಯಿಂದ 30 ಆಂಪ್ ಫ್ಯೂಸ್ ಮೂಲಕ 4 ಸ್ಕ್ವೇರ್ ಎಂಎಂ ವೈರ್ 30ನೇ ಪಿನ್ನಿಗೆ, 87ರಿಂದ ಸೊಲೆನಾಯ್ಡ್‌ಗೆ, ಕೀಯ ಸ್ಟಾರ್ಟ್ ವೈರ್ ಕ್ಲಚ್ ಸ್ವಿಚ್ ದಾಟಿ 86ಕ್ಕೆ, 85 ಅರ್ತ್. ಇನ್ಹಿಬಿಟರ್ ಕಪ್ಲರಿನ ರಿವರ್ಸ್ ಲೈಟ್ ವೈರ್ ಎರಡನ್ನೂ ಹೊಸ ಗೇರ್ ಬಾಕ್ಸಿನ ರಿವರ್ಸ್ ಸ್ವಿಚ್‌ಗೆ ಉದ್ದ ಮಾಡಿ ಕೊಟ್ಟೆ, ಉಳಿದವನ್ನು ಒಂದೊಂದಾಗಿ ಸ್ಲೀವ್ ಹಾಕಿ ಮುಚ್ಚಿದೆ.

ಕೊನೆಗೆ ಮುಂದಿನ ಚಕ್ರ ಎರಡೂ ಎತ್ತಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಒಂದನೇ ಗೇರಿನಲ್ಲಿ ಪೆಡಲನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಪ್ರತಿ ಸಲವೂ ಕೀ ತಿರುಗಿಸಿ ನೋಡಿದೆವು. ಮುಕ್ಕಾಲು ಭಾಗ ಇಳಿದಾಗಲೂ ಮೌನ. ಪೂರ್ತಿ ತುಳಿದಾಗ ಎಂಜಿನ್ ತಿರುಗಿತು, ಚಕ್ರ ಕದಲಲಿಲ್ಲ.