ಗಟ್ಟಿ ಮಾಂಸಕ್ಕೆ ನಾಲ್ಕು ತಾಸು

ನಮ್ಮ ಕಾರವಾರದ ಕಡೆ ಬೀಫ್ ಅಂದರೆ ಎಮ್ಮೆ ಅಥವಾ ಕೋಣ, ಅದೂ ಮುದಿಯದು. 2021ರಲ್ಲಿ ಜಾರಿಗೆ ಬಂದ ಕಾನೂನಿನಂತೆ ದನ, ಎತ್ತು, ಹೋರಿ ಯಾವುದನ್ನೂ ಕಡಿಯುವಂತಿಲ್ಲ, ಎಮ್ಮೆ-ಕೋಣವಾದರೂ 13 ವರ್ಷ ದಾಟಿರಬೇಕು. ಅಷ್ಟು ವರ್ಷ ಬಾಳಿದ ಕೋಣದ ಭುಜ ಮೆತ್ತಗಿರು ಅಂದರೆ ಇರುತ್ತದಾ?

ಇದಕ್ಕೆ ಅಮ್ಮನ ಹತ್ತಿರ ಇರುವುದು ಒಂದೇ ಉತ್ತರ: ಕುಕ್ಕರು, ಎಂಟು ಸೀಟಿ. ಬೇಯುವುದೇನೋ ಬೇಯುತ್ತದೆ, ಆದರೆ ಒಳಗಿನ ರಸವೆಲ್ಲ ನೀರಿಗೆ ಇಳಿದು ಬಾಯಿಗೆ ಬರೀ ನಾರು ಸಿಗುತ್ತದೆ. ಹಾಗಾಗಿ ಈ ಸಲ ಓವನ್ನಿನಲ್ಲಿ ನಿಧಾನಕ್ಕೆ ಬೇಯಿಸಿದೆ, ಕೇಜನ್ ರೀತಿಯಲ್ಲಿ.

ಕೇಜನ್ ಅಂದರೆ ಕೆನಡಾದ ಅಕೇಡಿಯಾದಲ್ಲಿದ್ದ ಫ್ರೆಂಚ್ ಮಾತಿನ ಜನ. 1755ರಿಂದ ಬ್ರಿಟಿಷರು ಅವರನ್ನು ಅಲ್ಲಿಂದ ಎಬ್ಬಿಸಿದರು. ಅಲೆದಲೆದು ಒಂದಷ್ಟು ಜನ ಅಮೆರಿಕದ ಲೂಯಿಸಿಯಾನಾ ಸೇರಿದರು, 'ಅಕೇಡಿಯನ್' ಅನ್ನೋದು ಬಾಯಲ್ಲಿ ಸವೆದು 'ಕೇಜನ್' ಆಯಿತು. ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟ ಊರಿನವರಿಗೆ ಈ ಕತೆ ಬಿಡಿಸಿ ಹೇಳಬೇಕಾಗಿಲ್ಲ. ಅವರ ಊಟವೂ ಅನ್ನ, ಸಿಗಡಿ, ಏಡಿ, ಖಾರ. ನಮಗೆ ಹೊಸದೇನಿದೆ ಅದರಲ್ಲಿ?

ಒಂದು ಕಿಲೋ ಮಾಂಸ, ದೊಡ್ಡ ದೊಡ್ಡ ತುಂಡು. ಅವರ ಪ್ಯಾಪ್ರಿಕಾ ಬದಲು ಎರಡು ಚಮಚ ಬ್ಯಾಡಗಿ ಪುಡಿ, ಬಣ್ಣ ಜಾಸ್ತಿ, ಖಾರ ಕಡಿಮೆ. ಖಾರಕ್ಕೆ ಅರ್ಧ ಚಮಚ ಗುಂಟೂರು, ಶಿರಸಿಯ ಕಾಳುಮೆಣಸು, ಜಜ್ಜಿದ ಬೆಳ್ಳುಳ್ಳಿ, ಉಪ್ಪು. ಅವರು ಹಾಕುವ ಥೈಮ್ ಅನ್ನೋ ಪರಿಮಳದ ಸೊಪ್ಪು ಸಿಗಲಿಲ್ಲ, ಚಿಟಿಕೆ ಓಮ ಹಾಕಿದೆ. ಎರಡರ ಪರಿಮಳಕ್ಕೂ ಕಾರಣ ಅವುಗಳ ಎಣ್ಣೆಯಲ್ಲಿರುವ ಥೈಮಾಲ್ ಅನ್ನೋ ಅಂಶ, ಆದರೆ ಓಮದ ಘಾಟು ಜೋರು, ಕೈ ಬಿಗಿ ಇರಲಿ. ರಾತ್ರಿಯೇ ಸವರಿ ಫ್ರಿಜ್ಜಿನಲ್ಲಿಟ್ಟೆ.

ಬೆಳಿಗ್ಗೆ ಬೀಡಿನ ಪಾತ್ರೆ ಚೆನ್ನಾಗಿ ಕಾಯಿಸಿ ತುಂಡುಗಳನ್ನು ಎಲ್ಲ ಮಗ್ಗುಲಿಗೂ ಕಂದು ಬರುವವರೆಗೆ ಹುರಿದೆ. ಅವಸರ ಮಾಡಬೇಡಿ, ತಳಕ್ಕೆ ಹಿಡಿದ ಆ ಕರಕಲಿನಲ್ಲೇ ರುಚಿ ಇರೋದು. ಆಮೇಲೆ ಈರುಳ್ಳಿ, ಸೆಲರಿ, ದೊಣ್ಣೆಮೆಣಸು. ಈ ಮೂರಕ್ಕೆ ಅವರು 'ಹೋಲಿ ಟ್ರಿನಿಟಿ' ಅನ್ನುತ್ತಾರೆ. ಈರುಳ್ಳಿ ಕುಮಟೆಯದು, ಬೇಸಿಗೆಯಲ್ಲಿ ಹೆದ್ದಾರಿ ಪಕ್ಕ ಜಡೆ ಕಟ್ಟಿ ಮಾರುತ್ತಾರಲ್ಲ, ಆ ಸಿಹಿ ಈರುಳ್ಳಿ. ಸೆಲರಿ ಬದಲು ಕೊತ್ತಂಬರಿ ದಂಟು ಹಾಕಿದೆ. ಅದು ಸೆಲರಿ ಅಲ್ಲ, ಗೊತ್ತು. ಎರಡು ಟೊಮೆಟೊ, ಒಂದು ಲೋಟ ನೀರು, ಮುಚ್ಚಳದ ಸುತ್ತ ಗೋಧಿ ಹಿಟ್ಟಿನ ಕಣಕ ಮೆತ್ತಿ 150 ಡಿಗ್ರಿಯಲ್ಲಿ ಒಳಗಿಟ್ಟೆ.

ಎರಡು ತಾಸಿಗೆ ತಡೆಯಲಾಗದೆ ಕಣಕ ಒಡೆದು ನೋಡಿದೆ. ಚಪ್ಪಲಿ ಅಟ್ಟೆ! ಅಮ್ಮ ಕುಕ್ಕರು ತೊಳೆದು ಕಟ್ಟೆಯ ಮೇಲೆ ಇಟ್ಟೇಬಿಟ್ಟಳು. ಆದರೆ ಇಲ್ಲೇ ಎಲ್ಲರೂ ಸೋಲೋದು. ದುಡಿದ ಮಾಂಸದಲ್ಲಿ ಕೊಲಾಜೆನ್ ಅನ್ನೋ ಗಟ್ಟಿ ಪ್ರೋಟೀನು ಜಾಸ್ತಿ, ಅದು 70 ಡಿಗ್ರಿ ದಾಟಿದ ಬಿಸಿಯಲ್ಲಿ ತಾಸುಗಟ್ಟಲೆ ಕೂತ ಮೇಲೇ ಕರಗಿ ಜೆಲಟಿನ್ ಆಗುತ್ತದೆ. ಅದಕ್ಕೂ ಮೊದಲು ತಿಂದರೆ ಹಲ್ಲಿಗೆ ಕೆಲಸ ಅಷ್ಟೇ. ಮತ್ತೆ ಮುಚ್ಚಿಟ್ಟೆ. ಮೂರನೇ ತಾಸಿಗೆ ಬಟಾಟೆ, ಗಜ್ಜರಿ ಸೇರಿಸಿದೆ, ಮೊದಲೇ ಹಾಕಿದರೆ ಕಲಸಿ ಹೋಗುತ್ತವೆ. ನಾಲ್ಕನೇ ತಾಸಿಗೆ ಮಾಂಸ ಚಮಚ ತಾಗಿಸಿದರೆ ಎಳೆ ಎಳೆಯಾಗಿ ಬಿಚ್ಚಿತು.

ಕುಚ್ಚಲಕ್ಕಿ ಅನ್ನದ ಜೊತೆ ಊಟ ಆಯಿತು. ಮರುದಿನ ಫ್ರಿಜ್ ತೆಗೆದರೆ ಉಳಿದ ರಸ ಜೆಲ್ಲಿಯ ಹಾಗೆ ನಿಂತಿತ್ತು. ಅಮ್ಮ ಅದನ್ನೇ ಚಮಚದಲ್ಲಿ ತೆಗೆದು ಬಿಸಿ ಪಾವಿಗೆ ಹಚ್ಚಿಕೊಂಡು ತಿಂದಳು, ಕುಕ್ಕರಿನ ಸುದ್ದಿ ಎತ್ತಲಿಲ್ಲ.