ಜಗತ್ತು ಕೂಡಿ ಉಣ್ಣೂದ್ ಯಾವಾಗ

ವಯಸ್ಸಾದ್ಮ್ಯಾಲ ನಿದ್ದಿ ಕಡಿಮಿ, ಮುಂಜಾನೆದ್ದು ಟಿವಿ ಹಚ್ಚಿದ್ರ ಒಂದ್ಕಡೆ ಯುಕ್ರೇನ್, ಒಂದ್ಕಡೆ ಗಾಜಾ, ನಡುವ ನಮ್ಮವ್ರದಾ ಜಾತಿ ಜಗಳ, ನೋಡಿ ನೋಡಿ ಎದಿ ಭಾರ ಆಗ್ತೈತಿ. ಯುದ್ಧ ದೂರದ್ದು ಅನ್ನಂಗಿಲ್ರಿ, 2022ರಾಗ ಯುಕ್ರೇನ್‌ದಾಗ ಗುಂಡು ಹಾರಿದ್ಕೂಡ್ಲೆ ಸೂರ್ಯಕಾಂತಿ ಎಣ್ಣಿ ರೇಟು ಏರಿ ನಮ್ ಕೊಪ್ಪಳದ ಬಡವ್ರ ಅಡಗಿಮನಿಗೂ ಬಿಸಿ ಮುಟ್ಟಿತ್ತು.

ನಮ್ಮೂರ ಗವಿಮಠದ ಬೆಟ್ಟದಾಗ, ಆ ಕಡೆ ಪಾಲ್ಕಿಗುಂಡಿನಾಗ ಅಶೋಕನ ಶಾಸನ ಅದಾವ, 2200 ವರ್ಷಕ್ಕಿಂತ ಹಳೇವು. ಅತ್ತ ರಾಯಚೂರು ಜಿಲ್ಲಾದ ಮಸ್ಕಿ ಶಾಸನ 1915ರಾಗ ಸಿಕ್ತು, ಶಾಸನದಾಗ ಬರೋ ದೇವಾನಾಂಪ್ರಿಯ ಅನ್ನೋ ರಾಜ ಅಂದ್ರ ಅಶೋಕನಾ ಅಂತ ಗಟ್ಟಿ ಆಗಿದ್ದು ಅದ್ರಿಂದ. ಕಳಿಂಗದಾಗ ಲಕ್ಷ ಮಂದಿ ಸತ್ರು ಅಂತ ಗೆದ್ದ ರಾಜನಾ ಮರುಗಿ ಕಲ್ಲಿನ್ಯಾಗ ಕೆತ್ತಿಸ್ಯಾನ (ಆ ಶಾಸನ ಬ್ಯಾರೆ ಕಡೆ ಅದಾವ), ಈಗಿನ ಯಾವ ದೊಡ್ಡ ದೇಶದ ನಾಯಕ ಹಂಗ ಮರುಗ್ಯಾನ ಹೇಳ್ರಿ? ನಮ್ ಕಡೆ ಬಂಡೆಗಲ್ಲಿನ ಮ್ಯಾಲ ಅಶೋಕ ಕೆತ್ತಿಸಿದ್ದು ಐತಲ್ಲ, ದೊಡ್ಡೋರಷ್ಟಾ ಅಲ್ಲ ಸಣ್ಣೋರೂ ಪ್ರಯತ್ನ ಪಟ್ರ ಸ್ವರ್ಗ ಮುಟ್ಟಬಹುದು ಅನ್ನೋ ಅರ್ಥದ ಮಾತು, ಅದು ನಂಗ ಬಾಳ ಧೈರ್ಯ ಕೊಡ್ತೈತಿ.

ವಿಶ್ವಸಂಸ್ಥೆ 1945ರಾಗ 51 ದೇಶ ಕೂಡಿ ಕಟ್ಟಿದ್ದು, ಈಗ 193 ಅದಾವ, ಆದ್ರೂ ಭದ್ರತಾ ಮಂಡಳಿಯೊಳಗ ಐದು ಕಾಯಂ ದೇಶದಾಗ ಒಂದು ಬ್ಯಾಡ ಅಂತ ವಿಟೋ ಹಾಕಿದ್ರ ಮುಗೀತು. ಇದು ಅನ್ಯಾಯ, ಬದಲಾಗಬೇಕು.

ಆಸೆ ಮಾತ್ರ ಬಿಟ್ಟಿಲ್ಲ. ಗವಿಸಿದ್ಧೇಶ್ವರ ಜಾತ್ರ್ಯಾಗ ದಾಸೋಹಕ್ಕ ಬಂದ್ ನೋಡ್ರಿ, ಹಳ್ಳಿ ಹಳ್ಳಿಯಿಂದ ರೊಟ್ಟಿ ಬರ್ತಾವ, ಲಕ್ಷಗಟ್ಟಲೆ ಮಂದಿ ಉಣ್ತಾರ, ನೀ ಯಾವ ಜಾತಿ ಯಾವೂರಾವ ಅಂತ ಬಾಜೂಕ ಕುಂತವ್ರು ಕೇಳಂಗಿಲ್ಲ. ಇಡೀ ಜಗತ್ತಿನ ಮಂದಿ ಹಿಂಗ ಕೂಡಿ ಕುಂದ್ರೂದನ್ನ ನಮ್ ಮೊಮ್ಮಕ್ಕಳಾದ್ರೂ ನೋಡ್ಲಿ.